ಸಿಂಹದ ಕಿವಿಯ ಕುಂಕುಮ

ನಿಗಡಿಯ ಶ್ರೀಕಂಠಯ್ಯನವರ ಮನೆಯಲ್ಲಿ ತರಕಾರಿ ಹೆಚ್ಚಲು ನೆಟ್ಟಗಿನ ಚಾಕು ಒಂದಿರಲಿಲ್ಲ. ಕಪಾಟಿನಲ್ಲಿ ಕಠಾರಿಗಳು ಮಾತ್ರ ಏಳಿದ್ದವು. ಹಿಂದಿನ ಕಾಲದ ನೌಕಾಪಡೆಯ ಅಧಿಕಾರಿಗಳು ಸಮಾರಂಭದ ದಿನ ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದ, ಯಾರನ್ನೂ ಇರಿಯದ ಕಠಾರಿಗಳು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಹತ್ತಿದ ಹುಚ್ಚು. ಹಳೆ ಸಾಮಾನು ಮಾರುವ ಜುನಾ ಬಜಾರಿನಲ್ಲಿ ಸಿಕ್ಕ, ಹಿಡಿಯ ತುದಿಗೆ ಹಿತ್ತಾಳೆಯ ಸಿಂಹದ ತಲೆಯಿದ್ದದ್ದು ಅವರಿಗೆ ಪ್ರಾಣ. ಹಳೆಯದನ್ನು ಬೆಳಗಿದರೆ ಅದರ ವಯಸ್ಸೇ ಹೋಗುತ್ತದೆಂದು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ನವರಾತ್ರಿಯ ಮೊದಲ ದಿನ ಲೋಣಾವಳಾದಿಂದ ಶಾಲಿನಿ ಎಂಬಾಕೆಯ ಫೋನು ಬಂತು. ಶ್ರೀಕಂಠಯ್ಯ ವಾಟ್ಸಪ್ಪಿನಲ್ಲಿ ಹಾಕಿದ್ದ ಸಿಂಹದ ಕಠಾರಿಯ ಫೋಟೋ ಯಾರ ಮೂಲಕವೋ ಅವಳಿಗೆ ತಲುಪಿತ್ತು.

"ಅದು ನಮ್ಮ ತಾತಂದು ಅನ್ಸುತ್ತೆ ಅಂಕಲ್. ಮನೆ ಖಾಲಿ ಮಾಡುವಾಗ ಗುಜರಿ ಜೊತೆ ಹೋಗ್ಬಿಡ್ತು. ಅಜ್ಜಿ ಪ್ರತಿ ಆಯುಧಪೂಜೆಗೂ ಸಿಂಹದ ಎಡಗಿವಿಗೆ ಕುಂಕುಮ ಇಡೋರು, ಒರೆಸ್ತಾನೇ ಇರ್ಲಿಲ್ಲ. ಅದಿದ್ರೆ ನಮ್ದೇ."

ಶ್ರೀಕಂಠಯ್ಯ ಭೂತಗನ್ನಡಿ ಹಿಡಿದು ನೋಡಿದರು. ಇತ್ತು. ದಸರೆ ಕಳೆದ ಮೇಲೆ ಬಂದು ನೋಡಮ್ಮ ಎಂದಷ್ಟೇ ಅವಳಿಗೆ ಹೇಳಿದರು. ಅವರಿಗೆ ಆ ದಿನ ಅನ್ನ ಸೇರಲಿಲ್ಲ.

ಆಯುಧಪೂಜೆಯ ದಿನ, ಖಂಡೆ ನವಮಿಯ ಬೆಳಿಗ್ಗೆ ಅವರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಮನೆಗೆಲಸದ ಹುಲಿಗೆವ್ವ ಏಳನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ದೇವರ ಮುಂದೆ ಸಾಲಾಗಿ ಇಟ್ಟಿದ್ದಳು.

"ನಮ್ಮ ಮನ್ಯಾಗ ಗಾರೆ ಮೆತ್ತೊ ಗೌಂಡಿ ಕರಣಿನೂ ಇವತ್ತ ತೊಳೀತೀವ್ರಿ. ಆಯುಧ ಹೊಲಸ ಇಟ್ಟು ಪೂಜಿ ಮಾಡಬಾರದ್ರಿ."

ಬೇರೆ ದಿನವಾಗಿದ್ದರೆ ಸೂರು ಹಾರುವಂತೆ ಕೂಗಾಡುತ್ತಿದ್ದರು. ಆದರೆ ಸಿಂಹದ ಕಿವಿ ಕುಂಕುಮದ ಗುರುತೇ ಇಲ್ಲದೆ ಲಕಲಕ ಹೊಳೆಯುತ್ತಿತ್ತು. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಶ್ರೀಕಂಠಯ್ಯ ಕೈಮುಗಿದು ಊದುಬತ್ತಿ ಹಚ್ಚಿದರು.

ದಸರೆಯ ಮರುದಿನ ಶಾಲಿನಿ ಬಂದಳು. ಕಿವಿಯೊಳಗೆ ಇಣುಕಿದಳು. ಅವಳ ಮುಖ ಸಣ್ಣದಾಯಿತು.

"ಇಲ್ಲ... ಸಾರಿ ಅಂಕಲ್, ಸುಮ್ನೆ ತೊಂದ್ರೆ ಕೊಟ್ಟೆ."

ತನ್ನದಲ್ಲವೆಂದುಕೊಂಡ ವಸ್ತುವನ್ನೂ ಅವಳು ಎರಡೂ ಕೈಯಲ್ಲಿ ಜೋಪಾನವಾಗಿ ಮೇಜಿನ ಮೇಲಿಟ್ಟಳು. ಆ ಜೋಪಾನವೇ ಅವರನ್ನು ಕೊಂದಿತು. ಒಂದು ಸುಳ್ಳನ್ನೂ ಆಡದೆ ಕಳ್ಳನಾಗುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

"ಕೂತ್ಕೊಳಮ್ಮ. ಕುಂಕುಮ ಇತ್ತು, ನಾನೇ ನೋಡಿದ್ದೆ. ಮೊನ್ನೆ ತೊಳೆದುಹೋಯ್ತು. ಇದು ನಿಮ್ದೇ."

ಶಾಲಿನಿ ನಂಬಲಿಲ್ಲ. "ನನಗೆ ಬೇಜಾರಾಗುತ್ತೆ ಅಂತ ಹೇಳ್ತಿದ್ದೀರಾ? ಹಾಗೆಲ್ಲ ತಗೊಳ್ಳಕ್ಕಾಗಲ್ಲ ಅಂಕಲ್."

ಇಷ್ಟು ಕಷ್ಟಪಟ್ಟು ನಿಜ ಹೇಳಿದರೆ ಅದಕ್ಕೆ ಸಾಕ್ಷಿಯೇ ಇಲ್ಲ! ಅಷ್ಟರಲ್ಲಿ ಹುಲಿಗೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

"ಖರೇ ಅದರೀ ಅಕ್ಕಾರ. ಕಿವ್ಯಾಗ ಕುಂಕುಮ ಕಲ್ಲಾಗಿ ಕುಂತಿತ್ತು, ಸೂಜೀಲೆ ತಗದೀನಿ. ಪೂಜಿ ಕುಂಕುಮ ಮೋರಿಗೆ ಹಾಕಬಾರದಂತ ತುಳಸಿ ಬುಡಕ್ಕ ಹಾಕೀನ್ರಿ."

ಮೂವರೂ ಬಾಲ್ಕನಿಗೆ ಹೋದರು. ತುಳಸಿಯ ಹಸಿ ಮಣ್ಣಿನ ಮೇಲೆ, ಎಷ್ಟೋ ವರ್ಷದ ಎಣ್ಣೆ ಕುಡಿದು ಕಪ್ಪುಗೆಂಪಾಗಿದ್ದ, ಜೋಳದ ಕಾಳಿನಷ್ಟು ದೊಡ್ಡ ಚೂರು ಹಾಗೇ ಇತ್ತು. ಶಾಲಿನಿ ಅದನ್ನು ಅಂಗೈಗೆ ತೆಗೆದುಕೊಂಡು "ಅಜ್ಜೀ" ಎಂದು ಮಗುವಿನ ಹಾಗೆ ಅತ್ತಳು. ಕಠಾರಿಯ ನೆನಪೇ ಅವಳಿಗಿದ್ದಂತಿರಲಿಲ್ಲ.

ಶ್ರೀಕಂಠಯ್ಯ ಒಳಗೆ ಹೋಗಿ, ಅವಳಿಗೆ ಕೊಡಲು ಕಠಾರಿಯನ್ನು ತಮ್ಮ ಮೆತ್ತಗಿನ ಪಂಚೆಯೊಂದರಲ್ಲಿ ಸುತ್ತಿದರು. ಸುತ್ತಿಯಾದ ಮೇಲೂ ಕೈ ಅದನ್ನು ಬಿಡಲು ಒಂದು ಗಳಿಗೆ ತಡಮಾಡಿತು, ಆಮೇಲೆ ಬಿಟ್ಟಿತು.