ಹಳೆ ರೇಡಿಯೊ ಬರೆಯುವುದನ್ನು ನಿಲ್ಲಿಸಿದ್ದು

ಹೇಗೆ ಶುರು ಮಾಡಲಿ? ಮೋಡೆಮ್ ಕಿರುಗುಟ್ಟುವ ಸದ್ದಿನಿಂದ ಶುರು ಮಾಡಿದ್ದೆ, ಎರಡು ಪುಟ ಆಗಿತ್ತು. ಆದರೆ ಆ ಸದ್ದು ನೆನಪಾದರೆ ನಿಮ್ಮ ಮುಖ ಅರಳುತ್ತದೆ. ಈ ಕಥೆಗೆ ಅರಳಿದ ಮುಖ ಬೇಡ. ಹರಿದು ಹಾಕಿದೆ. ಮಾಲತೇಶನಿಂದಲೇ ಶುರು ಮಾಡುತ್ತೇನೆ. ತಪ್ಪು ಮಾಡಿದವನಿಂದ ಶುರು ಮಾಡುವುದು ಸುಲಭ.

೧

2004ರ ಹುಬ್ಬಳ್ಳಿ. ದೇಶಪಾಂಡೆ ನಗರದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದ ಮಾಲತೇಶನಿಗೆ ಜಗತ್ತಿನ ಪ್ರತಿ ಸಾಮಾನಿನ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಮೊಬೈಲಿಗೆ ಕ್ಯಾಮೆರಾ ಹಚ್ಚುವುದು ಚಪ್ಪಲಿಗೆ ಗಡಿಯಾರ ಕಟ್ಟಿದ ಹಾಗೆ. ಕಲರ್ ಸ್ಕ್ರೀನ್ ಅಂದರೆ ಬ್ಯಾಟರಿ ತಿನ್ನುವ ಹುಳ. ಇದನ್ನೆಲ್ಲ ಅವನು ತಾನೇ ಕಟ್ಟಿದ ‘ಗ್ಯಾಜೆಟ್ ಕಟ್ಟಿ’ ಎಂಬ ಮೇಲ್ ಗ್ರೂಪಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿ, ದಿನಾ ಬರೆಯುತ್ತಿದ್ದ. ಇನ್ನೂರು ಚಿಲ್ಲರೆ ಮಂದಿ ಓದುತ್ತಿದ್ದರು. ಯಾರೂ ಯಾರ ಮುಖವನ್ನೂ ಕಂಡವರಲ್ಲ. ಅದು ಅವನ ಕಾನೂನು: ನಿಜವಾದ ಹೆಸರು ಬೇಡ, ಮನೆ ವಿಳಾಸ ಬೇಡ, ಫೋನ್ ನಂಬರಂತೂ ಬೇಡವೇ ಬೇಡ. ಅವನೂ ಅಲ್ಲಿ ಬರೀ ‘ಅಡ್ಮಿನ್’.

(ಜಂಬಗಾರನಂತೆ ಕಾಣುತ್ತಾನಲ್ಲವೇ? ಹಿಂದಿನ ಡ್ರಾಫ್ಟಿನಲ್ಲಿ ಇನ್ನೂ ಜಾಸ್ತಿ ಇತ್ತು. ಕರುಣೆ ಬಂದು ಇಳಿಸಿದೆ.)

೨

ಅವನಿಗೆ ಎದುರು ನಿಂತು ವಾದ ಮಾಡುತ್ತಿದ್ದುದು ಒಬ್ಬರೇ. ‘ಹಳೆ ರೇಡಿಯೊ’ ಎಂಬ ಹೆಸರಿನವರು. ಬಿಚ್ಚಿ ರಿಪೇರಿ ಮಾಡಲಾಗದ ವಸ್ತುವಿಗೆ ಯಾಕೆ ದುಡ್ಡು ಕೊಡಬೇಕು ಅನ್ನುತ್ತಿದ್ದರು. ಕ್ಯಾಮೆರಾ ಫೋನಿನ ಬಗ್ಗೆ ಅವರ ಪ್ರಶ್ನೆ ಬೇರೆ: ಫೋಟೊ ಚೆನ್ನಾಗಿ ಬರುತ್ತದೋ ಇಲ್ಲವೋ ಬಿಡಿ, ತೆಗೆಸಿಕೊಂಡವರನ್ನು ಕೇಳಿ ತೆಗೆದರೇ? ಮಾಲತೇಶ ರೇಗುತ್ತಿದ್ದ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ ಅವರ ಮೇಲ್ ಬಂದಿದೆಯೇ ಎಂದೂ ನೋಡುತ್ತಿದ್ದ. ನಿವೃತ್ತರಾದ ಯಾರೋ ಮಾಸ್ತರರಿರಬೇಕು ಎಂದುಕೊಂಡಿದ್ದ. ಮನಸ್ಸಿನಲ್ಲೇ ಅವರಿಗೊಂದು ಕನ್ನಡಕ, ಒಂದು ಕೋಟು ತೊಡಿಸಿದ್ದ.

ಒಂದು ದಿನ ಗ್ರೂಪಿಗಲ್ಲ, ಅವನೊಬ್ಬನಿಗೇ ಒಂದು ಮೇಲ್ ಬಂತು:

“ಮನಿ ಕಂಪ್ಯೂಟರ್‌ನಾಗ ನಾ ಬರದದ್ದನ್ನ ಯಾರೋ ಓದಾಕತ್ತಾರ ಅನಸ್ತದ. ಹೊರಗಿಂದ ಬರಿಯಾಕತ್ತೇನಿ. ನಿಮ್ಮ ನಂಬರ್ ಕೊಡ್ರಿ, ಏನ್ ಮಾಡಬೇಕಂತ ಕೇಳತೇನಿ.”

ಮಾಲತೇಶ ಏನು ಮಾಡಿದ ಗೊತ್ತೇ? ಆ ಸಾಲುಗಳನ್ನು ಹಾಗೇ ಎತ್ತಿ ಗ್ರೂಪಿಗೆ ಹಾಕಿದ. ಕೆಳಗೆ ಬರೆದ: ನೋಡಿ, ಜನ ನಂಬರ್ ಕೇಳುವುದು ಹೀಗೇ, ಹಳಬರೇ ಕೇಳಿದರೂ ಕೊಡಬೇಡಿ. ನಾಲ್ಕಾರು ಮಂದಿ ಶಭಾಷ್ ಅಂದರು. ಒಬ್ಬ, ರೇಡಿಯೊಗೆ ಸಿಗ್ನಲ್ ಬೇಕಾಗಿದೆ ಎಂದು ನಗೆಯಾಡಿದ.

ಆಮೇಲೆ ಹಳೆ ರೇಡಿಯೊ ಬರೆಯಲಿಲ್ಲ.

೨ (ಮತ್ತೆ)

ಇಲ್ಲಿ ಒಂದು ಡ್ರಾಫ್ಟ್ ಕೈಬಿಟ್ಟಿದ್ದೇನೆ. ಅದರಲ್ಲಿ, ಬರೆದದ್ದನ್ನೆಲ್ಲ ಕದ್ದು ಹಿಡಿದಿಡುವ ಸಾಫ್ಟ್‌ವೇರನ್ನು ಆ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟವನೇ ಮಾಲತೇಶ. ಚೆಂದ ಕೂಡಿಬಂದಿತ್ತು. ಅಷ್ಟು ಚೆಂದ ಕೂಡಿಬಂದದ್ದನ್ನು ನೀವು ನಂಬಬಾರದು, ನಾನೂ ನಂಬಲಿಲ್ಲ. ನಡೆದದ್ದಕ್ಕೆ ಅಷ್ಟೆಲ್ಲ ಹೊಂದಿಕೆ ಬೇಕಾಗಿರಲಿಲ್ಲ.

ಮೊದಲ ವಾರ ಅವನು ಮುನಿಸು ಎಂದುಕೊಂಡ. ಆಮೇಲೆ ಊಟದ ಹೊತ್ತಿನಲ್ಲೂ ಅದೇ ಯೋಚನೆ. ಪ್ರತಿ ಮೇಲಿನ ಹಿಂದೆ ಅದು ಹೊರಟ ಜಾಗದ ಗುರುತಿನ ನಂಬರ್ ಅಡಗಿರುತ್ತದೆ. ಅದನ್ನು ಕೆದಕುವುದು ಅಸಹ್ಯ ಎಂದು ಗ್ರೂಪಿನಲ್ಲಿ ಬರೆದವನೇ ಈಗ ಕೆದಕಿದ. ಕಡೆಯ ಮೇಲಿನ ನಂಬರ್ ಅವನಿಗೆ ಗೊತ್ತಿದ್ದದ್ದೇ: ಕಮರಿಪೇಟೆಯಲ್ಲಿ ದಸ್ತಗೀರಸಾಬರ ಸೈಬರ್ ಕೆಫೆ. ಕನೆಕ್ಷನ್ ಜೋಡಿಸಿಕೊಟ್ಟವನು ಅವನೇ. ತಾನು ಮಾಸ್ತರರೆಂದು ಬಗೆದವರು ಇದೇ ಊರಿನವರು!

ದಸ್ತಗೀರಸಾಬರು ಬಾಯಿ ಬಿಡಲು ಹಿಂದೆಮುಂದೆ ನೋಡಿದರು. ಗಿರಾಕಿಗಳ ಸುದ್ದಿ ಹೇಳುವುದು ಅವರ ಪದ್ಧತಿಯಲ್ಲ. ಮೇಲ್ ಬರೆದವರಿಗೆ ಹುಷಾರಿಲ್ಲವೇನೋ ಎಂಬ ಭಯ ನನಗೆ ಎಂದು ಮಾಲತೇಶ ಹೇಳಿದ ಮೇಲೆ ಕರಗಿದರು. ಆ ದಿನ ಬಂದಿದ್ದು ಒಬ್ಬ ಅಕ್ಕ, ಬರೆದದ್ದನ್ನು ಅಳಿಸುವುದು ಹೇಗೆಂದು ಕೇಳಿದ್ದಳು, ಹಿಂದಿನ ಗಲ್ಲಿಯ ಗುರುಶಿದ್ದಪ್ಪನವರ ಮನೆಯವಳು.

ಅಕ್ಕ. ಅಲ್ಲೇ ಅವನು ವಾಪಸಾಗಬೇಕಿತ್ತು. ನಾನು ತಡೆದೆ ಕೂಡ. ಪುಟದ ಮೇಲೆ ಗೆರೆ ಎಳೆದು, ಅಂಗಡಿಗೆ ಹೋಗಪ್ಪ ಅಂದೆ. “ಒಂದ್ ಮಾತು ತಪ್ಪಾತು ಅಂತ ಹೇಳಿ ಬರ್ತೇನ್ರಿ, ಅಷ್ಟ,” ಅಂದ. ಹೋದ.

೪

ಬಾಗಿಲು ತೆಗೆದವರು ಗುರುಶಿದ್ದಪ್ಪ. ಕಿರಾಣಿ ಹೋಲ್‌ಸೇಲ್ ವ್ಯಾಪಾರ, ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಕೂರಿಸಿದರು, ನೀರು ಕೊಟ್ಟರು, ಒಳಗೆ ಚಹಾ ಹೇಳಿದರು. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರ್ ಇತ್ತು, ಮೇಲೆ ಟವೆಲ್ ಹೊದಿಸಿತ್ತು. ಮಾಲತೇಶ ಗ್ರೂಪಿನ ವಿಷಯ ಹೇಳಿದ. ಅವರು ಅಚ್ಚರಿಪಡಲಿಲ್ಲ.

“ಮನ್ಯಾಗ ಆಕಿ ಏನ್ ಬರಿತಾಳ ನನಗ ಗೊತ್ತಿರತದ್ರಿ,” ಅಂದರು. “ಚಿಂತಿ ಇಲ್ಲ.”

ಕದ್ದು ಓದುತ್ತಿದ್ದವರು ಇವರೇ ಎಂದು ಮಾಲತೇಶನಿಗೆ ಹೊಳೆಯಿತು. ಆದರೂ ಶುರುವಾದ ಮಾತು ನಿಲ್ಲಲಿಲ್ಲ. ಕಡೆಯ ಮೇಲ್ ದಸ್ತಗೀರಸಾಬರ ಕೆಫೆಯಿಂದ ಬಂದಿತ್ತು, ಅದಕ್ಕೇ ವಿಚಾರಿಸಲು ಬಂದೆ ಎಂದುಬಿಟ್ಟ.

ಗುರುಶಿದ್ದಪ್ಪ ಲೋಟ ಕೆಳಗಿಟ್ಟರು. “ಕೆಫೆಕ್ಕ ಹೋಗ್ತಾಳೇನ್ರಿ?” ಎಂದು ಕೇಳಿದರು. ದನಿ ಏರಿರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಭುವನೇಶ್ವರಿ ಚಹಾ ತಂದಳು. ಮೂವತ್ತೈದರ ಆಸುಪಾಸು, ಕನ್ನಡಕವಿಲ್ಲ, ಕೋಟಿಲ್ಲ. ಎರಡು ವರ್ಷ ಜಗಳವಾಡಿದವರು ಒಂದೇ ಕೋಣೆಯಲ್ಲಿದ್ದರು. ಇವರು ಗೊತ್ತೇನು ಎಂದು ಗಂಡ ಕೇಳಿದ. ಅವಳು ಮಾಲತೇಶನ ಮುಖವನ್ನು ಒಮ್ಮೆ ಪೂರ್ತಿ ನೋಡಿದಳು.

“ಇವರು ಯಾರಂತ ನನಗ ಗೊತ್ತಿಲ್ಲ,” ಅಂದಳು.

ಸುಳ್ಳೇನಲ್ಲ. ಅವಳು ಒಳಗೆ ಹೋದಳು. ಮಾಲತೇಶ ಆ ಚಹಾ ಕುಡಿದ. ಕುಡಿಯದೆ ಏಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಇನ್ನು ಮುಗಿತಾಯ. ಮೂರು ಬರೆದಿದ್ದೆ. ಒಂದರಲ್ಲಿ ಅವಳು ಬೇರೆ ಹೆಸರಿನಲ್ಲಿ ಗ್ರೂಪಿಗೆ ಮರಳಿ ಅವನನ್ನು ಚೆನ್ನಾಗಿ ಬೈಯುತ್ತಾಳೆ. ಇನ್ನೊಂದರಲ್ಲಿ ಧಾರವಾಡದ ತವರಿಗೆ ಹೋಗಿ ರೇಡಿಯೊ ರಿಪೇರಿ ಅಂಗಡಿ ಹಾಕುತ್ತಾಳೆ (ನಿಮಗಾಗಿ ಬರೆದದ್ದು). ಮೂರನೆಯದನ್ನು ಹೇಳುವುದಿಲ್ಲ, ಅದು ಬಾಗಿಲು ಹಾಕಿದ ಮೇಲಿನದು. ಮಾಲತೇಶ ಮೊದಲನೆಯದಕ್ಕಾಗಿ ಗೋಗರೆದ. “ಒಂದ್ ಸಾಲರೆ ಬರಿಯಾಕ ಕೊಡ್ರಿ ಆಕಿಗೆ,” ಅಂದ. ನಾನು ಕೊಡಲಿಲ್ಲ. ಅವಳ ಹೆಸರಿನಲ್ಲಿ ನಾನು ಬರೆದರೆ, ಅದು ಅವಳದನ್ನು ಕದ್ದು ಓದಿದ್ದಕ್ಕಿಂತ ಹೇಗೆ ಬೇರೆ?

ನನಗೆ ಗೊತ್ತಿರುವುದು ಇಷ್ಟು. ಗ್ರೂಪಿಗೆ ಹಾಕಿದ ಆ ಪೋಸ್ಟನ್ನು ಅವನು ಅಳಿಸಿದ. ಇನ್ನೂರು ಮಂದಿಯ ಮೇಲ್‌ಬಾಕ್ಸಿನಿಂದ ಅಳಿಸಲಾಗಲಿಲ್ಲ. ದಸ್ತಗೀರಸಾಬರು ಅವನೊಡನೆ ಮಾತು ಬಿಟ್ಟರು. ಶ್ರಾವಣ ಕಳೆದ ಮೇಲೆ ಗುರುಶಿದ್ದಪ್ಪ ಆಟೊದಲ್ಲಿ ಆ ಕಂಪ್ಯೂಟರನ್ನು ಇವನ ಅಂಗಡಿಗೇ ತಂದರು. ಮಾರುವುದಿದೆ, ಒಳಗಿನದನ್ನೆಲ್ಲ ಒರೆಸಿ ಕೊಡಿ ಅಂದರು. ಅಕ್ಕಾವರು ಹೇಗಿದ್ದಾರೆ ಎಂದು ಕೇಳುವಷ್ಟು ಧೈರ್ಯ ಮಾಲತೇಶನಿಗೆ ಬರಲಿಲ್ಲ. ಶಟರ್ ಅರ್ಧ ಇಳಿಸಿ, ಒಂದು ಫೈಲನ್ನೂ ತೆರೆಯದೆ, ಡಿಸ್ಕ್ ಪೂರ್ತಿ ಅಳಿಸಿದ. ಆ ವರ್ಷ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಎಂದು ನನಗನ್ನಿಸಿತ್ತು.

ಮರುದಿನ ಬಂದು ಕೇಳಿದ, ಅದರಾಗ ಆಕಿ ಏನರೆ ಬಿಟ್ಟಿದ್ದಳೇನ್ರಿ, ಯಾರರೆ ಓದಲಿ ಅಂತ?

ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಅವನಿಗಾಗಲಿ ನಿಮಗಾಗಲಿ ಹೇಳುತ್ತಿರಲಿಲ್ಲ.