ಎರಡು ಗಂಟೆಯ ದಾರಿ

ತಮ್ಮನದು ವಿಮಾನಗಳಿಗೆ ದಾರಿ ಹಾಕುವ ಕೆಲಸ. ಕಿಟಕಿಯಿಲ್ಲದ ಕೋಣೆಯಲ್ಲಿ ಮೂರು ಪರದೆಗಳ ಮುಂದೆ ಕೂತು, ಊರಿಂದೂರಿಗಿರುವ ದೂರ, ಮೇಲಿನ ಗಾಳಿ, ಬೇಕಾಗುವ ಇಂಧನ ಎಲ್ಲವನ್ನೂ ಲೆಕ್ಕ ಹಾಕಿ ಪೈಲಟ್‌ಗೆ ಕೊಡುತ್ತಿದ್ದ. ಅಕ್ಕನ ಊರಿನ ದಾರಿಯನ್ನಂತೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಹೋಗುವುದು ಮಾತ್ರ ಅಪರೂಪ.

"ನಿನ್ನ ವಿಮಾನಕ್ಕೆ ಎರಡು ಗಂಟೆ, ನಿಂಗೆ ಎರಡು ವರ್ಷ ಕಣೋ," ಎಂದು ಅಕ್ಕ ಫೋನಿನಲ್ಲಿ ಚುಚ್ಚುತ್ತಿದ್ದಳು. ಅವನದು ಒಂದೇ ನೆಪ: "ಏನ್ಮಾಡ್ಲಿ ಅಕ್ಕ, ಎದುರು ಗಾಳಿ."

ಆ ಬೆಳಗ್ಗೆ ಭಾವನ ಫೋನ್ ಬಂದಾಗ ಅವನು ಪರದೆಯ ಮುಂದೆಯೇ ಇದ್ದ.

"ಇವಳಿಗೆ ಉಸಿರಾಡಕ್ಕೇ ಆಗ್ತಿಲ್ಲ. ಮದ್ದು ಕೊಟ್ಟು ಮಲಗಿಸಿ ಗಂಟಲಿಗೆ ಟ್ಯೂಬ್ ಹಾಕ್ಬೇಕಂತೆ. ಹಾಕಿದ್ಮೇಲೆ ಮಾತಿಲ್ಲ. ಮತ್ತೆ ಏಳ್ತಾಳೋ ಇಲ್ವೋ ಹೇಳಕ್ಕಾಗಲ್ಲ ಅಂತಾರೆ ಡಾಕ್ಟ್ರು. ತಮ್ಮ ಬರೋವರೆಗೂ ಬೇಡವೇ ಬೇಡ ಅಂತ ಇವಳ ಹಠ. ಆಕ್ಸಿಜನ್ ಮಾಸ್ಕ್ ಇದೆ, ವಾರ್ಡೊಳಗೆ ಫೋನೂ ಬಿಡಲ್ಲ. ಎಷ್ಟು ಹೊತ್ತು ಬೇಕೋ ನಿಂಗೆ?"

"ಎರಡು ಗಂಟೆ ಭಾವ."

ಬಾಯಿಗೆ ಬಂದದ್ದು ಅದೇ. ಅಕ್ಕನ ಊರಿಗೆ ಹೊರಡಲಿದ್ದ ವಿಮಾನಕ್ಕೆ ಆಗತಾನೆ ಅವನೇ ದಾರಿ ಹಾಕಿದ್ದ. ಜೊತೆಯವರು ಸೀಟು ಕೊಡಿಸಿದರು. ಉಟ್ಟ ಬಟ್ಟೆಯಲ್ಲೇ ಓಡಿದ.

ಬೆಲ್ಟು ಬಿಗಿದುಕೊಂಡು ಕೂತಾಗ ತಾನು ಹೇಳಿದ್ದು ತಪ್ಪು ಲೆಕ್ಕವೆಂದು ಅವನಿಗೆ ಹೊಳೆಯಿತು. ಅವನ ಕಸುಬಿನಲ್ಲಿ ಪ್ರಯಾಣದ ಹೊತ್ತೆಂದರೆ ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ. ಹತ್ತುವ ಮೊದಲಿನ ತಪಾಸಣೆ, ಸಾಲು, ಇಳಿದ ಮೇಲಿನ ಟ್ಯಾಕ್ಸಿ, ಊರಿನ ಸಂದಣಿ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ವಿಮಾನ ಇನ್ನೂ ಕದಲಿರಲಿಲ್ಲ. ಆಗಲೇ ಒಂದು ಗಂಟೆ ಕಳೆದಿತ್ತು.

ಭಾವನಿಗೆ ಫೋನ್ ಹಚ್ಚಿದ. ಅವರು ವಾರ್ಡಿನೊಳಗೆ ಅಕ್ಕನ ಹತ್ತಿರ ಇದ್ದರೇನೋ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ.

"ಸರ್, ಆಫ್ ಮಾಡಿ, ಪ್ಲೀಸ್," ಎಂದಳು ಗಗನಸಖಿ.

ಗಾಳಿ ದಾರಿಯುದ್ದಕ್ಕೂ ಬೆನ್ನಿಗಿತ್ತು. ವಿಮಾನ ಎರಡು ಗಂಟೆ ತುಂಬುವ ಮೊದಲೇ ಇಳಿಯಿತು. ಪೈಲಟ್ ಅದನ್ನು ಹೆಮ್ಮೆಯಿಂದ ಸಾರಿದ. ಬೆನ್ನ ಗಾಳಿಯನ್ನೂ ಸೇರಿಸಿ ಅವನು ಹಾಕಿದ್ದ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಸ್ವಲ್ಪ ಬೇಗ ಹೋಗಪ್ಪ," ಎಂದು ಟ್ಯಾಕ್ಸಿಯವನಿಗೆ ಅಂಗಲಾಚಿದ.

"ಮುಂದೆ ನೋಡಿ ಸರ್. ಇವ್ರ ತಲೆ ಮೇಲೆ ಹಾರಿಸ್ಲಾ?"

ಭಾವ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದರು. ಕೈಯಲ್ಲಿ ಅಕ್ಕನ ಕನ್ನಡಕ.

"ನೀನು ಹೇಳಿದ ಎರಡು ಗಂಟೆ ಕಾದ್ವಿ. ಡಾಕ್ಟ್ರು ಮೇಲೆ ಅರ್ಧ ಗಂಟೆ ಬಿಟ್ರು. ಕಣ್ಣೆಲ್ಲ ಬಾಗ್ಲ ಮೇಲೇ ಇತ್ತು ಅವಳಿಗೆ. ಆಮೇಲೆ ತುಟಿ ನೀಲಿ ಆಗಕ್ಕೆ ಶುರುವಾಯ್ತು... ನಾನೇ ಹೂಂ ಅಂದ್ಬಿಟ್ಟೆ."

"ಏನಾದ್ರೂ ಅಂದ್ಲಾ ಭಾವ?"

ಭಾವ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿದರು. "ನಂಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ದ ಅಂತ. ಇವಳೇ ಮಾಸ್ಕ್ ಸರಿಸಿದ್ಲು. ಬೈಬೇಡಿ ಅವನ್ನ, ಎದುರು ಗಾಳಿ ಇರ್ಬೇಕು ಅಂದ್ಲು." ತಲೆಯೆತ್ತಿ ಅವನನ್ನೇ ನೋಡಿದರು. "ಇತ್ತೇನೋ ಗಾಳಿ?"

"ಹೂಂ ಭಾವ," ಎಂದ ತಮ್ಮ.

ಒಳಗೆ ಯಂತ್ರವೊಂದು ಅಕ್ಕನ ಪರವಾಗಿ ಉಸಿರೆಳೆದು ಬಿಡುತ್ತಿತ್ತು. ತಾಯಿಯಿಲ್ಲದ ಮನೆಯಲ್ಲಿ ದಿನಾ ಅವನ ತಲೆ ಬಾಚಿ ಶಾಲೆಗೆ ಕಳಿಸಿದ್ದ ಕೈ ಬೆಚ್ಚಗೇ ಇತ್ತು. ಅದನ್ನು ಹಿಡಿದುಕೊಂಡು ಅವಳ ಕಿವಿಯ ಹತ್ತಿರ ಬಗ್ಗಿದ.

"ಎದುರು ಗಾಳಿ ಇರ್ಲಿಲ್ಲ ಅಕ್ಕ," ಎಂದ.