ಹಿಂಡಿದ ಬಟ್ಟೆ

ಲೋಟದೊಳಗೆ ಬಟ್ಟೆ ತುರುಕಿ ತಿರುಗಿಸುತ್ತಿದ್ದವಳ ಕಣ್ಣು ನಲ್ಲಿಯ ಕತ್ತಿನ ಮೇಲೆ ನಿಂತಿತು, ಅಲ್ಲಿ ಇನ್ನೊಂದು ಬಟ್ಟೆ, ಹಗ್ಗದ ಹಾಗೆ ಹುರಿಗೊಂಡು, ಹನಿ ನೀರೂ ಉಳಿಯದಂತೆ ಹಿಂಡಿ ಹಾಕಿದ್ದು, ಎಂಥ ಹಿಂಡು ಅದು — ಅಕ್ಕ ಹಿಂಡಿರಲಿಕ್ಕಿಲ್ಲ, ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ ಅಕ್ಕನ ಬಲಗೈ ಪ್ಲಾಸ್ಟರಿನೊಳಗಿದೆ, ಒಂದೇ ಕೈಯಲ್ಲಿ ಬಟ್ಟೆಯನ್ನು ಹಿಸುಕಬಹುದು, ಹಿಂಡಲಾಗದು, ಹಿಂಡುವುದಕ್ಕೆ ಒಂದು ಕೈ ಆ ಕಡೆಗೆ ತಿರುಗಬೇಕು, ಇನ್ನೊಂದು ಈ ಕಡೆಗೆ. ಕೆಲಸದವಳು ಬರ್ತಾಳಾ ಅಕ್ಕಾ, ಎಂದು ಕೂಗಿ ಕೇಳಿದಳು. ಯಾವ ಕೆಲಸದವಳೇ, ನನಗೇ ಈಗ ಕೆಲಸ ಇಲ್ಲ, ಎಂದು ಆಚೆ ಕೋಣೆಯಿಂದ ಅಕ್ಕನ ಉತ್ತರ. ಪರದೆ ಹೊಲಿಯುವವಳಿಗೆ ಕೈ ಮುರಿದರೆ ಇನ್ನೇನು ಕೆಲಸ. ಭಾವ ತೀರಿಹೋದ ಮೇಲೆ ಬೇಕರಿಯ ಮೇಲಿನ ಈ ಎರಡು ಕೋಣೆಗಳಲ್ಲಿ ಅಕ್ಕ ಒಬ್ಬಳೇ, ಒಬ್ಬಳೇ ಎಂದುಕೊಂಡೇ ಇವಳು ಬೆಳಗ್ಗೆ ಬಸ್ಸು ಹತ್ತಿ ಬಂದದ್ದು, ನಮ್ಮನೆ ಹಿಂದಿನ ರೂಮು ಖಾಲೀನೇ ಇದೆಯಲ್ಲ, ಕರ್ಕೊಂಡು ಬಾ, ಒಂದು ಕೈ ಇಲ್ಲದೆ ಲೋಟ ತೊಳೆಯೋಕೂ ಆಗಲ್ಲ ಪಾಪ, ಎಂದಿದ್ದ ಗಂಡ. ನಾಳೆ ಬೆಳಗ್ಗೆ ಸಾಮಾನಿನ ಗಾಡಿ, ಮನೆ ಬಿಡ್ತೀವಿ ಅಂತ ಇವತ್ತು ಸಂಜೆಯೊಳಗೆ ಓನರಿಗೆ ಹೇಳಬೇಕು, ಹೇಳಬೇಕಾದವಳು ಇವಳೇ. ಅಕ್ಕ ಫೋನಿನಲ್ಲಿ ಒಪ್ಪಿದ್ದಳು, ಆಯ್ತು, ನೀವು ಹೇಳಿದ ಹಾಗೆ, ಅಂತ. ಎಷ್ಟು ಬೇಗ ಒಪ್ಪಿದಳಲ್ಲ ಎಂದು ಇವಳಿಗೆ ಆಗ ಖುಷಿಯಾಗಿತ್ತು, ಈಗ ಯೋಚಿಸಿದರೆ ಆ ದನಿ ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅನ್ನುವವರ ದನಿಯ ಹಾಗಿತ್ತು, ಅಷ್ಟೇ ಚಪ್ಪಟೆ.

ಲೋಟಕ್ಕೆ ತಿಳಿನೀಲಿ ಬಟ್ಟೆ ತಗೋ, ಕೆಂಪಿಂದು ಮುಟ್ಟಬೇಡ, ನೂಲು ಬಿಡುತ್ತೆ, ಎಂದು ಇವಳು ಬಂದ ಕೂಡಲೇ ಅಕ್ಕ ಹೇಳಿದ್ದಳು, ಅಕ್ಕನ ಅಡುಗೆಮನೆಯಲ್ಲಿ ಬಟ್ಟೆಗಳದ್ದೇ ಒಂದು ಸಂಸಾರ, ಎಲ್ಲವೂ ಉಳಿದ ಪರದೆ ತುಂಡುಗಳು, ಅಂಚು ಮಡಿಸಿ ಹೊಲಿದವು, ಈ ಮಾಸಲು ಹಸಿರು ಯಾವುದೋ ಆಸ್ಪತ್ರೆಯದು, ಕೆಂಪು ಸಿನಿಮಾ ಥಿಯೇಟರಿನದು, ಪಟ್ಟೆಪಟ್ಟೆಯದು ಮದುವೆಯಾದ ಹೊಸ ಜೋಡಿಯೊಂದು ಅಳತೆ ತಪ್ಪಿ ಕೊಟ್ಟದ್ದು. ಒಂದು ಬಿಸಿ ಪಾತ್ರೆ ಇಳಿಸಲು, ಒಂದು ಸೊಪ್ಪು ಸುತ್ತಿಡಲು, ಒಂದು ಅನ್ನದ ಪಾತ್ರೆಯ ಮುಚ್ಚಳದಡಿಗೆ, ಆವಿ ಕುಡಿಯಲಿ ಅಂತ. ಇವಳ ಮನೆಯಲ್ಲಿ ಎಲ್ಲದಕ್ಕೂ ಒಂದೇ ಬಟ್ಟೆ, ಕೈಗೂ ಅದೇ, ಕಟ್ಟೆಗೂ ಅದೇ, ನಿನ್ನ ಬಟ್ಟೆ ಹಿಂಡಿದರೆ ನಾಲ್ಕು ಜನಕ್ಕೆ ಊಟ ಆಗುತ್ತೆ ಕಣೇ, ಎಂದು ಅಕ್ಕ ನಕ್ಕಿದ್ದು ಯಾವಾಗ, ಇವಳ ಮಗಳ ಮದುವೆಗೆ ಮುಂಚೆ ಇರಬೇಕು — ಮಗಳು ಗಂಡನ ಮನೆಗೆ ಹೋದ ಮೇಲೆ ಮನೆಯಲ್ಲಿ ಸಂಜೆ ಅನ್ನುವುದು ಟೀವಿಯ ಸದ್ದು ಮಾತ್ರ, ಅಕ್ಕ ಬಂದರೆ ಒಬ್ಬಳು ತೊಳೆಯುವುದು ಒಬ್ಬಳು ಒರೆಸುವುದು, ಚಿಕ್ಕವರಿದ್ದಾಗ ಹಾಗೇ ಅಲ್ಲವೇ, ಆ ಆಸೆಗೇ ಇವಳು ಗಂಡನ ಮಾತಿಗೆ ತಕ್ಷಣ ಹೂಂ ಅಂದದ್ದು, ಅಕ್ಕನ ಕೈಗಾಗಿ ಎಷ್ಟು, ತನಗಾಗಿ ಎಷ್ಟು, ಯಾರು ಬಿಡಿಸಿ ನೋಡಿದರು. ಕಟ್ಟೆಯ ಮೇಲೆ ಒದ್ದೆ ಬಟ್ಟೆಯೊಂದು ಮಡಿಸಿಟ್ಟಿದೆ, ಅದರ ಮೇಲೆ ಬೋಗುಣಿ, ಇದ್ಯಾಕೆ ಎಂದು ಬೋಗುಣಿಯನ್ನು ತಳ್ಳಿ ನೋಡಿದಳು, ಅಲುಗಲಿಲ್ಲ, ಓಹೋ, ಎಡಗೈಯಲ್ಲಿ ಕಲಸುವಾಗ ಬೋಗುಣಿ ತಿರುಗಬಾರದು ಅಂತ, ಹಿಡಿಯಲು ಇನ್ನೊಂದು ಕೈ ಇಲ್ಲವಲ್ಲ, ಬಟ್ಟೆಯೇ ಆ ಕೈ. ಲೋಟ ತೊಳೆಯೋಕೂ ಆಗಲ್ಲ ಪಾಪ ಅಂತೆ. ಇಷ್ಟೆಲ್ಲ ಅಕ್ಕ ಮಾಡಿಕೊಂಡಿದ್ದಾಳೆ ಸರಿ, ಆದರೆ ಆ ಹುರಿ, ಇವಳು ನಲ್ಲಿಯ ಮೇಲಿನದನ್ನು ಬಿಚ್ಚಿ ಮತ್ತೆ ಹಿಂಡಿ ನೋಡಿದಳು, ಇವಳ ಕೈಯಲ್ಲಿ ಹುರಿ ಬಲಕ್ಕೆ ಸುತ್ತಿಕೊಂಡಿತು, ಮೊದಲು ಇದ್ದದ್ದು ಎಡಕ್ಕೆ, ಅಕ್ಕನದೂ ಬಲಕ್ಕೇ, ಇಬ್ಬರೂ ಕಲಿತದ್ದು ಒಬ್ಬಳೇ ಅಮ್ಮನಿಂದ.

ಬಾಗಿಲು ತಟ್ಟಿದ ಸದ್ದು, ತಟ್ಟಿದ್ದಲ್ಲ, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಾಕಿಸಿದ್ದು, ಮತ್ತು ಅಕ್ಕ ಎದ್ದು ತೆಗೆಯುವ ಮೊದಲೇ ಒಳಗೆ ಬಂದವನು ಕೆಳಗಿನ ಬೇಕರಿಯವನು, ತೋಳಿನ ಮೇಲೆ ಮಡಿಸಿದ ಬಟ್ಟೆಗಳ ಅಟ್ಟಿ, ಎಲ್ಲ ಪರದೆ ತುಂಡುಗಳೇ, ಆಸ್ಪತ್ರೆಯ ಹಸಿರು, ಥಿಯೇಟರಿನ ಕೆಂಪು. ಇವಳನ್ನು ಕಂಡು ಬಾಗಿಲಲ್ಲೇ ತಡವರಿಸಿದ. ನಮ್ಮ ತಂಗಿ, ಎಂದಳು ಅಕ್ಕ. ಹಾಂ, ಹೇಳಿದ್ರಲ್ಲ, ನಾಳೆ ಕರ್ಕೊಂಡು ಹೋಗ್ತಾರೆ ಅಂತ, ಅದಕ್ಕೇ ಹಿಟ್ಟಿನ ಮೇಲೆ ಹೊದಿಸೋಕೆ ಕೊಟ್ಟಿದ್ರಲ್ಲ ಈ ಬಟ್ಟೆಗಳು, ಒಗೆದು ತಂದೆ, ನಿಮ್ಮದು ನಮ್ಮಲ್ಲಿ ಉಳಿಯಬಾರದು ನೋಡಿ. ಇಟ್ಕೊಳ್ಳಿ, ಎಂದಳು ಅಕ್ಕ, ನಾದಿದ ಹಿಟ್ಟಿಗೆ ಹೊದಿಕೆ ಬೇಕಲ್ಲ. ಹಿಟ್ಟಿಗೆ ಏನಾದ್ರೂ ಹೊದಿಸಬಹುದು ಬಿಡಿ, ಎಂದು ಅವನು ಗೋಡೆ ನೋಡಿದ, ಅಕ್ಕ ಕಿಟಕಿ ನೋಡಿದಳು, ತಂಗಿಯವರೇ ಪ್ರಯಾಣ ಹೇಗಿತ್ತು, ಬಸ್ಸಲ್ಲಿ ಸೀಟು ಸಿಕ್ತಾ, ಎಂದು ಕೇಳುತ್ತ ಕೇಳುತ್ತಲೇ ಅವನು ಕಟ್ಟೆಯ ಬಳಿಗೆ ಬಂದ, ಬೋಗುಣಿಯನ್ನು ಎತ್ತಿ ಪಕ್ಕಕ್ಕಿಟ್ಟ, ಅಡಿಯ ಒದ್ದೆ ಬಟ್ಟೆಯನ್ನು ತೆಗೆದು ನಲ್ಲಿ ತಿರುಗಿಸಿ ಜಾಲಿಸಿದ, ಸಿಕ್ತು, ಕಿಟಕಿ ಪಕ್ಕದ್ದೇ, ಎಂದಳು ಇವಳು, ಅವನ ಕೈಗಳನ್ನೇ ನೋಡುತ್ತ, ಹಿಟ್ಟು ನಾದಿ ನಾದಿ ದಪ್ಪವಾದ ಮಣಿಕಟ್ಟುಗಳು, ಬಟ್ಟೆ ಆ ಕೈಗಳ ನಡುವೆ ಎಡಕ್ಕೆ ತಿರುಚಿಕೊಂಡು ಒಂದೇ ಸಲಕ್ಕೆ ನೀರೆಲ್ಲ ಬಿಟ್ಟುಕೊಟ್ಟಿತು, ಅವನು ಅದನ್ನು ನಲ್ಲಿಯ ಕತ್ತಿಗೆ ಹಾಕಿದ, ಹಾಕಿದ ಮೇಲೆಯೇ ಅವನಿಗೆ ತಾನೆಲ್ಲಿದ್ದೇನೆ ಎಂಬುದು ಹೊಳೆದದ್ದು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಏಪ್ರನ್ನಿಗೆ ಒರೆಸಿಕೊಂಡ, ಒಲೆ ಮೇಲೆ ಕಣ್ಣಿಡಬೇಕು, ಬರ್ತೀನಿ, ಎಂದು ಹೊರಟೇಬಿಟ್ಟ, ಮೆಟ್ಟಿಲ ಮೇಲೆ ಅವನ ಹೆಜ್ಜೆ ಒಮ್ಮೆ ನಿಂತು ಮತ್ತೆ ಇಳಿಯಿತು. ಅಕ್ಕನ ಕಿವಿಯ ತುದಿ ಕೆಂಪಗಾಗಿತ್ತು, ಐವತ್ತು ದಾಟಿದವಳ ಕಿವಿ.

ಎಷ್ಟು ದಿನದಿಂದ, ಕೇಳಬೇಕೆನಿಸಿತು, ಯಾರು ತೊಳೆಯುವುದು ಯಾರು ಒರೆಸುವುದು, ಏನು ಮಾತಾಡುತ್ತೀರಿ, ಅಥವಾ ಮಾತೇ ಆಡುವುದಿಲ್ಲವೇ, ಅವನು ಹಿಂಡುವಾಗ ನೀನು ಎಲ್ಲಿ ನಿಂತಿರುತ್ತೀ, ಬಾಗಿಲ ಹತ್ತಿರವೋ ಅವನ ಪಕ್ಕದಲ್ಲೋ, ನಗುತ್ತೀಯಾ ಅಕ್ಕಾ, ಆ ನಾಲ್ಕು ಜನಕ್ಕೆ ಊಟ ಅನ್ನುವ ಮಾತಿಗೆ ನಕ್ಕ ಹಾಗೆ — ಕೇಳಲಿಲ್ಲ, ಕೇಳಿದರೆ ಅಕ್ಕ ಉತ್ತರ ಕೊಡಬೇಕಾಗುತ್ತದೆ, ಬಾಯಿಗೆ ಬಂದ ಮೇಲೆ ಅದಕ್ಕೊಂದು ಹೆಸರಿಡಬೇಕಾಗುತ್ತದೆ, ಇನ್ನೂ ಹೊದಿಕೆಯಡಿ ಉಬ್ಬುತ್ತಿರುವ ಹಿಟ್ಟನ್ನು ಯಾರಾದರೂ ತೆರೆದು ನೋಡುತ್ತಾರೆಯೇ. ಓನರ್ ಹತ್ರ ಈಗಲೇ ಹೋಗ್ತೀಯಾ ಪುಟ್ಟಿ, ಕೇಳಿದಳು ಅಕ್ಕ, ಮುಖ ತಿರುಗಿಸದೆ. ಹೋದರಾಯ್ತು ಬಿಡು, ಏನು ಅವಸರ. ಅಕ್ಕ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಗೆ ಒರಗಿದಳು, ಬೆಳಗ್ಗಿನಿಂದ ಈಗಲೇ ಒರಗಿದ್ದು. ಸಂಜೆಯ ಬಸ್ಸಿಗೇ ತಾನು ಹೊರಡಬೇಕು, ಒಬ್ಬಳೇ, ಗಾಡಿಯವನಿಗೆ ಬರಬೇಡ ಅಂತ ದಾರಿಯಲ್ಲಿ ಫೋನ್ ಮಾಡಿದರಾಯಿತು, ಪ್ಲಾಸ್ಟರ್ ಬಿಚ್ಚೋವರೆಗೂ ಎಲ್ಲಿಗೂ ಬೇಡ ಅಂತ ಡಾಕ್ಟರು ಹೇಳಿದ್ದಾರೆ ಅಂದರೆ ಮನೆಯಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ, ಆಮೇಲಿನದು ಆಮೇಲೆ, ಹಿಂದಿನ ರೂಮು ಖಾಲೀನೇ ಇರಲಿ, ಸಂಜೆಗೆ ಟೀವಿಯ ಸದ್ದು ಇದ್ದೇ ಇದೆ. ಕೊನೆಯ ಲೋಟ ಕವುಚಿಟ್ಟಳು. ತಿಳಿನೀಲಿ ಬಟ್ಟೆ ಪೂರ್ತಿ ಒದ್ದೆಯಾಗಿತ್ತು, ನಲ್ಲಿಯಡಿ ಹಿಡಿದು ಜಾಲಿಸಿದಳು, ಎರಡು ಕೈಯಲ್ಲೂ ಹಿಡಿದಳು, ಹಿಂಡಬೇಕು, ಹಿಂಡಲಿಲ್ಲ, ಹಾಗೇ ನೀರು ಸೋರುತ್ತಿರುವಂತೆ ತೊಟ್ಟಿಯ ಅಂಚಿಗೆ ಹಾಕಿಬಿಟ್ಟಳು, ಸಂಜೆ ಬರುವ ಕೈಗೆ, ಹನಿ ಬಿತ್ತು, ಇನ್ನೊಂದು ಹನಿ, ಬಟ್ಟೆಯ ತುದಿಯಲ್ಲಿ ಮತ್ತೊಂದು ದಪ್ಪಗಾಗುತ್ತ